ಲ್ಯಾಂಗ್ವೇಜ್ ಟ್ರಾನ್ಸ್‌ಫರ್‌ನ ಸ್ವಾಹಿಲಿ: ಕ್ರಿಯಾಪದವನ್ನು ಬಿಚ್ಚಿ ಕಟ್ಟಲು ಕಲಿಸುವ 110 ಪಾಠಗಳು

ಸಿಕುಕುಪೆಂಡ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಇದು ಒಂದೇ ಪದ, ಆದರೆ ಪೂರ್ತಿ ವಾಕ್ಯ: ‘ನಾನು ನಿನ್ನನ್ನು ಪ್ರೀತಿಸಲಿಲ್ಲ’. ಬಿಡಿಸಿ ನೋಡಿದರೆ ನಾಲ್ಕು ಕೊಂಡಿಗಳು ಸಿಗುತ್ತವೆ. ‘ಸಿ’ ಅಂದರೆ ನಾನು ಮತ್ತು ಇಲ್ಲ, ಎರಡೂ ಸೇರಿ. ಮೊದಲ ‘ಕು’ ನಿಷೇಧದ ಭೂತಕಾಲ. ಎರಡನೆಯ ‘ಕು’ ನಿನ್ನನ್ನು. ‘ಪೆಂಡ’ ಪ್ರೀತಿಸು. ಒಂದೇ ಉಚ್ಚಾರದ ಎರಡು ‘ಕು’ ಅಕ್ಕಪಕ್ಕ ಕೂತು ಬೇರೆ ಬೇರೆ ಕೆಲಸ ಮಾಡುತ್ತಿವೆ. ಇದನ್ನು ಇಡಿಯಾಗಿ ಬಾಯಿಪಾಠ ಮಾಡಿದವರಿಗೆ ‘ಅವಳು ನನ್ನನ್ನು ಪ್ರೀತಿಸಲಿಲ್ಲ’ ಎನ್ನಲು ಬರುವುದಿಲ್ಲ. ಕೊಂಡಿ ಗೊತ್ತಿದ್ದವರು ‘ಹ-ಕು-ನಿ-ಪೆಂಡ’ ಎಂದು ತಕ್ಷಣ ಕಟ್ಟಿಬಿಡುತ್ತಾರೆ. ಸ್ವಾಹಿಲಿ ಕಲಿಸುವ ಯಾವ ಪಾಠಕ್ರಮವನ್ನಾದರೂ ಅಳೆಯಬೇಕಾದದ್ದು ಇದೊಂದರಿಂದಲೇ: ಅದು ವಾಕ್ಯ ಕೊಡುತ್ತದೋ, ಕೊಂಡಿ ಕೊಡುತ್ತದೋ?

ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಎಂಬ ಭಾಷಾಕಲಿಕೆ ಯೋಜನೆಯ ‘ಕಂಪ್ಲೀಟ್ ಸ್ವಾಹಿಲಿ’ ಕೊಂಡಿ ಕೊಡುವ ಜಾತಿಯದು. ಒಟ್ಟು 110 ಧ್ವನಿಪಾಠಗಳು, ಆ್ಯಪ್‌ನಲ್ಲಿ ಕೇಳಬಹುದು, ಯೂಟ್ಯೂಬ್‌ನಲ್ಲೂ ಸಿಗುತ್ತವೆ. ಶುಲ್ಕವಿಲ್ಲ, ದೇಣಿಗೆಯಿಂದ ನಡೆಯುತ್ತದೆ. ಬೋಧನೆ ಇಂಗ್ಲಿಷಿನಲ್ಲಿ. ಒಬ್ಬ ಶಿಕ್ಷಕ ಇದ್ದಾರೆ, ಜೊತೆಗೆ ಕಲಿಯಲು ಕೂತ ವಿದ್ಯಾರ್ಥಿಯ ದನಿಯೂ ಇದೆ. ಶಿಕ್ಷಕರು ಒಂದು ಕೊಂಡಿ ವಿವರಿಸಿ, ‘ಹಾಗಾದರೆ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳುತ್ತಾರೆ. ನೀವು ಆಗ ಪಾಠವನ್ನು ನಿಲ್ಲಿಸಿ, ಯೋಚಿಸಿ, ಬಾಯಿಬಿಟ್ಟು ಉತ್ತರ ಹೇಳಿ, ಮುಂದಕ್ಕೆ ಹೋಗಬೇಕು. ಕೇಳುವಾಗ ಬರೆದುಕೊಳ್ಳಬೇಡಿ, ನೆನಪಿಟ್ಟುಕೊಳ್ಳಲು ಹೆಣಗಬೇಡಿ ಎಂಬುದು ಅವರ ಸ್ಪಷ್ಟ ಸೂಚನೆ. ಸೂಚನೆ ಸರಿಯಾದದ್ದೇ. ನಿಲ್ಲಿಸುವ ಗುಂಡಿಯನ್ನು ಒತ್ತದೆ ಸುಮ್ಮನೆ ಕೇಳುತ್ತಾ ಹೋದರೆ ಎಲ್ಲವೂ ಅರ್ಥವಾದಂತೆಯೇ ಅನ್ನಿಸುತ್ತದೆ, ಹತ್ತನೆಯ ಪಾಠದ ಹೊತ್ತಿಗೆ ಬಾಯಿಂದ ಒಂದು ಪದವೂ ಹೊರಡುವುದಿಲ್ಲ. ವಿದ್ಯಾರ್ಥಿ ಉತ್ತರಿಸುವ ಮೊದಲೇ ನಿಮ್ಮ ಉತ್ತರ ಬಂದಿರಬೇಕು. ಈ ಪಾಠಗಳ ಬೆಲೆಯೆಲ್ಲ ಆ ಕೆಲವು ಸೆಕೆಂಡುಗಳ ಮೌನದಲ್ಲಿದೆ.

ಕನ್ನಡಿಗರಿಗೆ ಈ ಪದ್ಧತಿ ಇನ್ನೂ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಕೊಂಡಿ ಪೋಣಿಸುವ ಭಾಷೆ ನಮ್ಮದೂ ಹೌದು. ‘ಓದಿಸಿದೆನು’ ಎಂಬುದನ್ನು ಬಿಡಿಸಿ: ಓದು, ಇಸು, ದ್, ಎನು. ಧಾತು, ಪ್ರೇರಣೆ, ಕಾಲ, ವ್ಯಕ್ತಿ. ಇದೇ ಅರ್ಥದ ಸ್ವಾಹಿಲಿ ಪದ ‘ನಿಲಿಸೊಮೆಶ’. ಬಿಡಿಸಿದರೆ ನಿ, ಲಿ, ಸೊಮ್, ಎಶ್, ಅ. ವ್ಯಕ್ತಿ, ಕಾಲ, ಧಾತು, ಪ್ರೇರಣೆ, ಕೊನೆಯ ಸ್ವರ. ನಮ್ಮಲ್ಲಿ ಬಾಲವಾಗಿರುವ ಕಾಲ ಮತ್ತು ವ್ಯಕ್ತಿ ಅಲ್ಲಿ ತಲೆಯ ಕಡೆಗೆ ಹೋಗಿವೆ, ಅದೂ ತಿರುಗುಮುರುಗಾಗಿ. ಪ್ರೇರಣೆ ಮಾತ್ರ ಎರಡು ಭಾಷೆಯಲ್ಲೂ ಧಾತುವಿನ ಬೆನ್ನಿಗೇ ಅಂಟಿಕೊಂಡಿದೆ. ಅರ್ಥದಲ್ಲೂ ಹೊಂದಿಕೆ ಎಷ್ಟಿದೆ ನೋಡಿ: ‘ಸೊಮ’ ಎಂದರೆ ಓದು, ‘ಸೊಮೆಶ’ ಎಂದರೆ ವಿದ್ಯಾಭ್ಯಾಸ ಕೊಡಿಸು. ‘ಮಕ್ಕಳನ್ನು ಓದಿಸಿದೆ’ ಎಂದು ನಾವು ಹೇಳುವುದೂ ಅದನ್ನೇ.

ಪಾಠ ಶುರುಮಾಡುವ ಮೊದಲು ಆರು ಖಾನೆಗಳ ಒಂದು ಸಾಲನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ: ಕರ್ತೃ, ಕಾಲ, ಕರ್ಮ, ಧಾತು, ವಿಸ್ತರಣೆ, ಕೊನೆಯ ಸ್ವರ. ಮೂರನೆಯದೂ ಐದನೆಯದೂ ಖಾಲಿ ಇರಬಹುದು, ಆದರೆ ಸರದಿ ತಪ್ಪುವಂತಿಲ್ಲ. ಕರ್ತೃವಿನ ಖಾನೆಯಲ್ಲಿ ನಿ (ನಾನು), ಉ (ನೀನು), ಅ (ಅವನು, ಅವಳು), ಟು (ನಾವು), ಮ್ (ನೀವು), ವ (ಅವರು). ಕಾಲದ ಖಾನೆಯಲ್ಲಿ ನ ಎಂದರೆ ವರ್ತಮಾನ, ಲಿ ಭೂತ, ಟ ಭವಿಷ್ಯತ್ತು, ಮೆ ಆಗಿ ಮುಗಿದದ್ದು. ನಿನಸೊಮ ಓದುತ್ತಿದ್ದೇನೆ, ನಿಲಿಸೊಮ ಓದಿದೆ, ನಿಟಸೊಮ ಓದುವೆ, ನಿಮೆಸೊಮ ಓದಿದ್ದೇನೆ. ಗಂಡು ಹೆಣ್ಣಿನ ಭೇದ ಕ್ರಿಯಾಪದದಲ್ಲಿ ಇಲ್ಲವೇ ಇಲ್ಲ: ‘ಅನಸೊಮ’ ಓದುತ್ತಾನೆಯೂ ಹೌದು, ಓದುತ್ತಾಳೆಯೂ ಹೌದು. ವಾಕ್ಯದ ಕ್ರಮ ಮಾತ್ರ ನಮ್ಮದಕ್ಕಿಂತ ಬೇರೆ. ಕರ್ತೃ, ಕ್ರಿಯೆ, ಆಮೇಲೆ ಕರ್ಮ. ವಿಶೇಷಣವೂ ನಾಮಪದದ ಆಮೇಲೆ ಬರುತ್ತದೆ.

ಬೋಧನೆ ಇಂಗ್ಲಿಷಿನಲ್ಲಿರುವುದರಿಂದ ಒಂದು ಎಚ್ಚರಿಕೆ ಅಗತ್ಯ. ಪ್ರತಿ ಪ್ರಶ್ನೆಯನ್ನೂ ಒಮ್ಮೆ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಉತ್ತರಿಸಿ, ಹಲವು ಕಡೆ ದಾರಿ ಹತ್ತಿರವಾಗುತ್ತದೆ. ‘ಮೆ’ ಎಂಬ ಕೊಂಡಿಯನ್ನೇ ತೆಗೆದುಕೊಳ್ಳಿ. ಮಲಗಿರುವವನನ್ನು ಕುರಿತು ಸ್ವಾಹಿಲಿಯಲ್ಲಿ ‘ಅಮೆಲಲ’ ಎನ್ನುತ್ತಾರೆ, ಕುಳಿತವನಿಗೆ ‘ಅಮೆಕಾ’, ನಿಂತವನಿಗೆ ‘ಅಮೆಸಿಮಮ’, ದಣಿದಿದ್ದರೆ ‘ನಿಮೆಚೊಕ’. ಇಂಗ್ಲಿಷಿನ ಮೂಲಕ ಬಂದವರು ಇಲ್ಲೆಲ್ಲ ವರ್ತಮಾನದ ‘ನ’ ಹಾಕಿ ಎಡವುತ್ತಾರೆ. ಕನ್ನಡದಲ್ಲಿ ಮಲಗಿದ್ದಾನೆ, ಕುಳಿತಿದ್ದಾನೆ, ನಿಂತಿದ್ದಾನೆ, ದಣಿದಿದ್ದೇನೆ. ಕೆಲಸ ಆಗಿಹೋಗಿದೆ, ಅದರ ಸ್ಥಿತಿ ಉಳಿದಿದೆ ಎಂಬ ಲೆಕ್ಕ ನಮಗೆ ಹುಟ್ಟಿನಿಂದ ಬಂದದ್ದು.

ಕರ್ಮದ ಖಾನೆಯಲ್ಲೂ ಇದೇ ಲಾಭವಿದೆ, ಮತ್ತು ಇದು ನಿಧಾನವಾಗಿ ನೋಡಬೇಕಾದ ಜಾಗ. ‘ನಿಲಿಸೊಮ ಕಿಟಬು’ ಎಂದರೆ ಪುಸ್ತಕ ಓದಿದೆ. ‘ನಿಲಿಕಿಸೊಮ ಕಿಟಬು’ ಎಂದು ಕಾಲಸೂಚಕಕ್ಕೂ ಧಾತುವಿಗೂ ನಡುವೆ ‘ಕಿ’ ಸೇರಿಸಿದರೆ, ಈಗಾಗಲೇ ಮಾತಿನಲ್ಲಿ ಬಂದಿರುವ ಆ ಪುಸ್ತಕವನ್ನು ಓದಿದೆ ಎಂದಾಗುತ್ತದೆ. ಕರ್ಮ ಮನುಷ್ಯನಾದರೆ ಕೊಂಡಿ ಬೇಕೇ ಬೇಕು: ‘ನಿಲಿಮ್ವೊನ ಜುಮ’, ಜುಮನನ್ನು ನೋಡಿದೆ. ‘ನಿಲಿಯೊನ ಜುಮ’ ಎಂದರೆ ಕಿವಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ನಮ್ಮ ದ್ವಿತೀಯಾ ವಿಭಕ್ತಿ ಮಾಡುವುದೂ ಇದನ್ನೇ ಅಲ್ಲವೇ? ‘ಪುಸ್ತಕ ಓದಿದೆ’ ಎನ್ನಬಹುದು, ‘ಪುಸ್ತಕವನ್ನು ಓದಿದೆ’ ಎಂದೂ ಅನ್ನಬಹುದು, ಎರಡರ ಧ್ವನಿ ಬೇರೆ. ಆದರೆ ‘ರಾಮ ನೋಡಿದೆ’ ಎಂದರೆ ವಾಕ್ಯವೇ ಅಲ್ಲ, ‘ರಾಮನನ್ನು’ ಎನ್ನಲೇಬೇಕು. ಕನ್ನಡದಲ್ಲಿ ‘ಅನ್ನು’ ಕಡ್ಡಾಯವಾಗುವ ಕಡೆ ಸ್ವಾಹಿಲಿಯಲ್ಲಿ ಕರ್ಮದ ಕೊಂಡಿ ಹಾಕುತ್ತಾ ಹೋಗಿ, ತಪ್ಪುವುದು ಅಪರೂಪ. ಒಂದು ಮಿತಿ ಇದೆ: ಒಂದು ಕ್ರಿಯಾಪದಕ್ಕೆ ಒಂದೇ ಕರ್ಮದ ಕೊಂಡಿ. ‘ಅವನಿಗೆ ಪುಸ್ತಕ ಕೊಟ್ಟೆ’ ಎನ್ನುವಾಗ ಆ ಜಾಗ ವ್ಯಕ್ತಿಗೆ ಮೀಸಲು, ಪುಸ್ತಕ ಹೊರಗೆ ನಿಲ್ಲುತ್ತದೆ: ‘ನಿಲಿಮ್‌ಪ ಕಿಟಬು’.

ಧ್ವನಿಪಾಠದ ದೊಡ್ಡ ಬಲ ಇಲ್ಲಿಯವರೆಗೆ. ಕೊಂಡಿಗಳ ಸರದಿ ಕಿವಿಯ ಮೂಲಕ ಹೋದರೆ ಲಯವಾಗಿ ಕೂರುತ್ತದೆ. ಒತ್ತು ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುವುದರಿಂದ, ಪದ ಎಷ್ಟೇ ಉದ್ದವಾಗಲಿ ಎಲ್ಲಿ ಮುಗಿಯುತ್ತದೆಂದು ಕಿವಿಗೆ ತಿಳಿಯುತ್ತದೆ. ಆದರೆ ಕಿವಿಯೊಂದನ್ನೇ ನಂಬಿದರೆ ಮೋಸಹೋಗುವ ಜಾಗಗಳೂ ಇವೆ, ಅಲ್ಲಿ ಕಾಗದ ಬೇಕಾಗುತ್ತದೆ. ಪಾಠದಲ್ಲಿ ಪಠ್ಯವಿಲ್ಲ, ಅಭ್ಯಾಸದ ಹಾಳೆಯಿಲ್ಲ, ಪರೀಕ್ಷೆಯಿಲ್ಲ. ಆ ಕೊರತೆಯನ್ನು ನೀವೇ ತುಂಬಿಕೊಳ್ಳಬೇಕು, ಆದರೆ ಪಾಠ ಮುಗಿದ ಮೇಲೆ, ನಡುವೆ ಅಲ್ಲ.

ಮೊದಲನೆಯ ಮೋಸ ‘ನಿ’. ‘ನಿನಸೊಮ’ದ ಮೊದಲ ನಿ ನಾನು. ‘ಅನನಿಪೆಂಡ’ದ ನಡುವಿನ ನಿ ನನ್ನನ್ನು. ಸ್ವತಂತ್ರವಾಗಿ ನಿಂತ ‘ನಿ’ ಆಗಿದೆ, ಆಗಿದ್ದಾನೆ: ‘ಯೆಯೆ ನಿ ಮ್ವಲಿಮು’, ಅವರು ಶಿಕ್ಷಕರು. ನಾಮಪದದ ಬಾಲದ ನಿ ನಮ್ಮ ಸಪ್ತಮಿಯಂತೆ: ‘ನ್ಯುಂಬನಿ’, ಮನೆಯಲ್ಲಿ. ಆಜ್ಞೆಯ ಬಾಲದ ನಿ ಬಹುವಚನ: ‘ಸೊಮ’ ಓದು, ‘ಸೊಮೆನಿ’ ಓದಿ. ಐದು ನಿ, ಐದು ಕೆಲಸ. ಯಾವ ಖಾನೆಯಲ್ಲಿ ಕೂತಿದೆ ಎಂಬುದರಿಂದ ಮಾತ್ರ ಗುರುತು ಸಿಗುತ್ತದೆ. ‘ಮ್’ ಕೂಡ ಹೀಗೆಯೇ. ಕರ್ತೃವಿನ ಖಾನೆಯಲ್ಲಿ ನೀವು, ಕರ್ಮದ ಖಾನೆಯಲ್ಲಿ ಅವನನ್ನು ಅಥವಾ ಅವಳನ್ನು. ‘ಮ್‌ಲಿನಿಯೊನ’ ನೀವು ನನ್ನನ್ನು ನೋಡಿದಿರಿ, ‘ನಿಲಿಮ್ವೊನ’ ನಾನು ಅವನನ್ನು ನೋಡಿದೆ. ಈ ‘ಮ್’ ತಾನೇ ಒಂದು ಪೂರ್ತಿ ಉಚ್ಚಾರಾಂಶ ಎಂಬುದನ್ನು ಮರೆಯಬೇಡಿ. ‘ಮ್‌ಟು’ ಎಂಬಲ್ಲಿ ತುಟಿ ಮುಚ್ಚಿ ಒಂದು ಗಳಿಗೆ ತಡೆದು ಆಮೇಲೆ ‘ಟು’. ಒತ್ತಕ್ಷರದಂತೆ ನುಂಗಿದರೆ ತಪ್ಪು, ಮುಂದೆ ‘ಉ’ ಸೇರಿಸಿ ‘ಮುಟು’ ಎಂದರೂ ತಪ್ಪು.

ಎರಡನೆಯದು ನಿಷೇಧ, ಇಡೀ ಭಾಷೆಯ ಅತಿ ಹೆಚ್ಚು ತಪ್ಪುಗಳು ಹುಟ್ಟುವ ತಾಣ. ನಿಷೇಧದಲ್ಲಿ ಕರ್ತೃವಿನ ಕೊಂಡಿಯೇ ಬದಲಾಗುತ್ತದೆ: ಸಿ, ಹು, ಹ, ಹಟು, ಹಮ್, ಹವ. ವರ್ತಮಾನದಲ್ಲಿ ಅಷ್ಟೇ ಸಾಲದು. ಕಾಲದ ಕೊಂಡಿ ‘ನ’ ಬಿದ್ದುಹೋಗುತ್ತದೆ, ಕೊನೆಯ ‘ಅ’ ‘ಇ’ ಆಗುತ್ತದೆ. ನಿನಸೊಮದ ನಿಷೇಧ ‘ಸಿಸೊಮಿ’. ‘ಸಿನಸೊಮ’ ಎಂಬ ರೂಪ ಹೊಸಬರ ಬಾಯಲ್ಲಿ ಮಾತ್ರ ಇದೆ. ಕಾಲಸೂಚಕ ಬಿಟ್ಟುಹೋದರೆ ನಿಷೇಧವೇ ಎಂದು ಅಚ್ಚರಿ ಬೇಡ, ನಮ್ಮ ‘ಅರಿಯೆನು’, ‘ಬಾರೆನು’ ನೆನಪಿಸಿಕೊಳ್ಳಿ. ಅರಿ, ಎನು, ನಡುವೆ ಕಾಲದ ಪ್ರತ್ಯಯವೇ ಇಲ್ಲ, ಆ ಖಾಲಿ ಜಾಗವೇ ನಿಷೇಧ. ಭೂತಕಾಲದಲ್ಲಿ ಲಿ ಹೋಗಿ ಕು ಬರುತ್ತದೆ: ‘ಸಿಕುಸೊಮ’, ಓದಲಿಲ್ಲ. ಮೆ ಹೋಗಿ ಜ ಬರುತ್ತದೆ: ‘ಸಿಜಸೊಮ’, ಇನ್ನೂ ಓದಿಲ್ಲ. ಭವಿಷ್ಯತ್ತು ಸಾಧು: ‘ಸಿಟಸೊಮ’. ಕೊನೆಯ ಸ್ವರ ‘ಇ’ ಆಗುವುದು ವರ್ತಮಾನದಲ್ಲಿ ಮಾತ್ರ. ಅರಬ್ಬಿಯಿಂದ ಬಂದು ‘ಅ’ದಲ್ಲಿ ಮುಗಿಯದ ಕ್ರಿಯಾಪದಗಳು ಅಲ್ಲಿಯೂ ಬದಲಾಗುವುದಿಲ್ಲ: ಫಿಕಿರಿ ಎಂದರೆ ಯೋಚಿಸು, ಯೋಚಿಸುವುದಿಲ್ಲ ಎಂದರೆ ‘ಸಿಫಿಕಿರಿ’, ಉತ್ತರಿಸುವುದಿಲ್ಲ ಎಂದರೆ ‘ಸಿಜಿಬು’.

ಈ ನಿಷೇಧದಲ್ಲೇ ಇನ್ನೊಂದು ಗುಂಡಿ ಇದೆ. ‘ಹುಸೊಮಿ’ ಎಂದರೆ ನೀನು ಓದುವುದಿಲ್ಲ. ‘ಹುಸೊಮ’ ಎಂದರೆ ಓದುವ ರೂಢಿಯಿದೆ. ರೂಢಿಯನ್ನು ಹೇಳುವ ‘ಹು’ ಯಾವ ಕರ್ತೃವನ್ನೂ ಹೊರುವುದಿಲ್ಲ, ಎಲ್ಲರಿಗೂ ಅದೊಂದೇ. ಎರಡಕ್ಕೂ ವ್ಯತ್ಯಾಸ ಕೊನೆಯ ಒಂದು ಸ್ವರ, ಅದೂ ಒತ್ತಿಲ್ಲದ ಸ್ವರ. ವೇಗದ ಮಾತಿನಲ್ಲಿ ಇದು ಜಾರಿಹೋಗುತ್ತದೆ. ಇವೆರಡನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ಗಟ್ಟಿಯಾಗಿ ಓದಿದರೆ ಮಾತ್ರ ಕಿವಿ ತೆರೆಯುತ್ತದೆ.

ಮೂರನೆಯದು ಪುಟ್ಟ ಧಾತುಗಳ ‘ಕು’. ತಿನ್ನು, ಕುಡಿ, ಬಾ, ಸಾಯಿ ಎಂಬರ್ಥದ ಕುಲ, ಕುನ್ಯ್ವ, ಕುಜ, ಕುಫ ಇವುಗಳಲ್ಲಿ ಧಾತು ಒಂದೇ ಉಚ್ಚಾರಾಂಶ. ಉಳಿದ ಕ್ರಿಯಾಪದಗಳು ರೂಪ ತಾಳುವಾಗ ಮುಂದಿನ ‘ಕು’ (ನಮ್ಮ ‘ತಿನ್ನುವುದು’ ಎಂಬಲ್ಲಿನ ‘ವುದು’ ಇದ್ದಂತೆ) ಬಿಟ್ಟುಬಿಡುತ್ತವೆ, ಇವು ಬಿಡುವುದಿಲ್ಲ: ನಿನಕುಲ, ನಿಲಿಕುಲ, ನಿಟಕುಲ, ನಿಮೆಕುಲ. ಇದನ್ನು ಅಪವಾದವೆಂದು ಉರುಹೊಡೆಯುವ ಅಗತ್ಯವಿಲ್ಲ, ಕಾರಣ ಒತ್ತಿನಲ್ಲಿದೆ. ಒತ್ತು ಕೊನೆಯಿಂದ ಎರಡನೆಯದರ ಮೇಲೆ ಬೀಳಬೇಕು. ‘ನಿನಲ’ ಎಂದರೆ ಅದು ಕಾಲಸೂಚಕ ‘ನ’ದ ಮೇಲೆ ಬೀಳುತ್ತದೆ. ನ, ಲಿ, ಟ, ಮೆ ಒತ್ತು ಹೊರಲಾರವು, ಹೊರಲು ‘ಕು’ ಬೇಕು. ಒತ್ತು ಹೊರಬಲ್ಲ ಬೇರೆ ಕೊಂಡಿ ಸಿಕ್ಕ ಕೂಡಲೇ ‘ಕು’ ಹೊರಟುಹೋಗುತ್ತದೆ: ನಿಷೇಧದಲ್ಲಿ ‘ಸಿಲಿ’, ತಿನ್ನುವುದಿಲ್ಲ, ವಿಧ್ಯರ್ಥದಲ್ಲಿ ‘ನಿಲೆ’, ತಿನ್ನಲೇ, ಷರತ್ತಿನ ‘ಕಿ’ ಜೊತೆ ‘ನಿಕಿಲ’, ತಿಂದರೆ, ಕರ್ಮದ ಕೊಂಡಿ ಬಂದರೆ ‘ನಿಮೆಕಿಲ’, ಅದನ್ನು ತಿಂದಿದ್ದೇನೆ. ಹೀಗೆ ಕಾರಣ ಹಿಡಿದು ಕಲಿತವರು ಹೊಸ ರೂಪ ಬಂದಾಗಲೂ ಊಹಿಸಬಲ್ಲರು.

ಧಾತುವಿನ ಬೆನ್ನಿಗೆ ಸೇರುವ ವಿಸ್ತರಣೆಗಳಲ್ಲಿ ಸ್ವಾಹಿಲಿ ಅತಿ ಸುಂದರವಾಗಿ ತೆರೆದುಕೊಳ್ಳುತ್ತದೆ. ‘ಪಿಕ’ ಎಂದರೆ ಅಡುಗೆ ಮಾಡು. ‘ಪಿಕಿಯ’ ಯಾರಿಗಾಗಿಯೋ ಮಾಡು, ‘ಪಿಕಿಶ’ ಮಾಡಿಸು, ‘ಪಿಕ್ವ’ ಬೇಯಿಸಲ್ಪಡು, ‘ಪಿಕಿಕ’ ಬೇಯುವಂತಿರು. ಧಾತುವಿನಲ್ಲಿ ಎ ಅಥವಾ ಒ ಇದ್ದರೆ ವಿಸ್ತರಣೆಯ ಇ ಎ ಆಗುತ್ತದೆ: ಸೊಮ, ಸೊಮೆಯ, ಸೊಮೆಶ, ಸೊಮೆಕ. ಅ, ಇ, ಉ ಇದ್ದರೆ ಇ ಉಳಿಯುತ್ತದೆ. ಪರಸ್ಪರ ಎನ್ನಲು ‘ಅನ್’: ಪೆಂಡನ, ಒಬ್ಬರನ್ನೊಬ್ಬರು ಪ್ರೀತಿಸು. ಮಾಡಿದ್ದನ್ನು ಬಿಚ್ಚಲು ‘ಉ’: ಫುಂಗ ಮುಚ್ಚು, ಫುಂಗುವ ತೆರೆ. ಕೊಂಡಿಯ ಮೇಲೆ ಕೊಂಡಿಯೂ ಬೀಳುತ್ತದೆ. ‘ಅಂಡಿಕ’ ಬರೆ, ‘ಅಂಡಿಕಿಯ’ ಯಾರಿಗೋ ಬರೆ, ‘ಅಂಡಿಕಿಯನ’ ಪರಸ್ಪರ ಬರೆದುಕೊಳ್ಳು. ಒಂದು ಧಾತು ಕಲಿತು ಆರು ಕ್ರಿಯಾಪದ ಪಡೆಯುವುದು ಎಂದರೆ ಇದೇ. ಪಾಠ ಈ ಭಾಗಕ್ಕೆ ಬಂದಾಗ ವೇಗ ಅರ್ಧಕ್ಕೆ ಇಳಿಸಿ.

ನಾಮಪದದ ವರ್ಗಗಳನ್ನು ಧ್ವನಿಪಾಠದಿಂದಲೇ ಕಲಿತು ಮುಗಿಸುತ್ತೇನೆಂದು ಹೊರಡಬೇಡಿ. ವರ್ಗ ಎಂದರೆ ಲಿಂಗದಂಥ ವ್ಯವಸ್ಥೆಯೇ, ಆದರೆ ಸಂಖ್ಯೆ ಹೆಚ್ಚು, ಮತ್ತು ಹಿಡಿತ ವಾಕ್ಯದುದ್ದಕ್ಕೂ ಇರುತ್ತದೆ. ‘ಕಿಟಬು ಕಿಮೊಜ ಕಿಜ಼ುರಿ ಕಿಮೆಅಂಗುಕ’, ಒಂದು ಒಳ್ಳೆಯ ಪುಸ್ತಕ ಬಿದ್ದಿದೆ. ಎರಡಾದರೆ ‘ವಿಟಬು ವಿವಿಲಿ ವಿಜ಼ುರಿ ವಿಮೆಅಂಗುಕ’. ನಮ್ಮ ಕಿತಾಬು ಬಂದದ್ದೂ ಅದೇ ಅರಬ್ಬಿ ಮೂಲದಿಂದ. ಸ್ವಾಹಿಲಿ ಅದರ ಮೊದಲ ‘ಕಿ’ಯನ್ನು ತನ್ನ ವರ್ಗದ ಗುರುತೆಂದೇ ಎತ್ತಿಕೊಂಡು ಬಹುವಚನ ಮಾಡಿಬಿಟ್ಟಿದೆ, ನೋಡಲು ಎಷ್ಟು ಚಂದ. ಸಬುನಿ, ಹೆಸಬು, ರಂಗಿ, ಡುನಿಯ, ಕಲಮು ಇವನ್ನೂ ಕಲಿಯುವ ಶ್ರಮ ನಮಗಿಲ್ಲ.

ವರ್ಗಕ್ಕಿಂತ ಮೇಲಿನ ನಿಯಮ ಒಂದಿದೆ: ಪ್ರಾಣವಿದ್ದರೆ ‘ಅ’ ಮತ್ತು ‘ವ’. ‘ಕಿಜನ’ ಎಂದರೆ ಯುವಕ, ಪದ ಕಿ ವರ್ಗದ್ದು, ಆದರೂ ‘ಕಿಜನ ಅನಸೊಮ’, ‘ಕಿನಸೊಮ’ ಅಲ್ಲ. ಇದರ ಸೊಗಸು ಕಾಣಬೇಕಾದರೆ ‘ನ್ಡೆಗೆ’ ಪದ ನೋಡಿ. ಹಕ್ಕಿಗೂ ವಿಮಾನಕ್ಕೂ ಅದೇ ಹೆಸರು. ‘ನ್ಡೆಗೆ ಅಮೆರುಕ’ ಎಂದರೆ ಹಕ್ಕಿ ಹಾರಿದೆ, ‘ನ್ಡೆಗೆ ಇಮೆರುಕ’ ಎಂದರೆ ವಿಮಾನ ಹಾರಿದೆ. ಹೆಸರು ಹೇಳದ್ದನ್ನು ಕ್ರಿಯಾಪದದ ಮೊದಲ ಅಕ್ಷರ ಹೇಳುತ್ತದೆ.

ವರ್ಗ ಗೊತ್ತಿಲ್ಲದೆ ಸಂಬಂಧಸೂಚಕ ಕೊಂಡಿಯೂ ಕೈಗೆ ಬರುವುದಿಲ್ಲ. ‘ನಾನು ಓದಿದ ಪುಸ್ತಕ’ ಎನ್ನಲು ‘ಕಿಟಬು ನಿಲಿಚೊಸೊಮ’. ಕಾಲಸೂಚಕದ ಹಿಂದೆಯೇ ಬರುವ ‘ಚೊ’ ಕಿ ವರ್ಗದ ಪುಸ್ತಕವನ್ನು ತೋರಿಸುತ್ತಿದೆ. ‘ನಿಲಿಪೊಫಿಕ’ ಎಂದರೆ ನಾನು ತಲುಪಿದಾಗ. ಭವಿಷ್ಯತ್ತಿನಲ್ಲಿ ಟ ಹಿಗ್ಗಿ ಟಕ ಆಗುತ್ತದೆ, ‘ನಿಟಕಚೊಸೊಮ’. ‘ಮೆ’ ಮಾತ್ರ ಈ ಕೊಂಡಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಲ್ಲಿ ‘ಅಂಬಚೊ’ ಎಂದು ಬೇರೆ ಪದ ಹಾಕಬೇಕು: ‘ಕಿಟಬು ಅಂಬಚೊ ನಿಮೆಕಿಸೊಮ’. ದಾರಿ ತಿಳಿಯದಾದಾಗ ಎಲ್ಲ ಕಡೆಯೂ ‘ಅಂಬ’ ಬಳಸಬಹುದು, ತಪ್ಪಾಗದು.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಶಿಕ್ಷಕರ ತಾಯ್ನುಡಿ ಸ್ವಾಹಿಲಿಯಲ್ಲ, ವಿದ್ಯಾರ್ಥಿ ತಪ್ಪುಗಳನ್ನೂ ಮಾಡುತ್ತಾರೆ. ರಚನೆ ಕಲಿಯಲು ಅದರಿಂದ ತೊಂದರೆಯಿಲ್ಲ, ವಿದ್ಯಾರ್ಥಿಯ ತಪ್ಪು ತಿದ್ದುವ ಕ್ಷಣಗಳೇ ಅನೇಕ ಕಡೆ ಹೆಚ್ಚು ಕಲಿಸುತ್ತವೆ. ಆದರೆ ದನಿಯ ಮಾದರಿಯಾಗಿ ಬಿಬಿಸಿ ಸ್ವಾಹಿಲಿ ಅಥವಾ ಜರ್ಮನಿಯ ಪ್ರಸಾರಸಂಸ್ಥೆ ಡಾಯ್ಚೆ ವೆಲ್ಲೆಯ ಸ್ವಾಹಿಲಿ ವಾರ್ತೆಯನ್ನು ದಿನಕ್ಕೆ ಐದು ನಿಮಿಷ ಪಕ್ಕದಲ್ಲಿ ಇಟ್ಟುಕೊಳ್ಳಿ. ಅರ್ಥವಾಗಬೇಕಿಲ್ಲ. ಪದದ ನಡುವೆ ಲಿ, ಮೆ, ಟ ಹಿಡಿಯಲು ಸಾಧ್ಯವಾದರೆ ಸಾಕು.

ಕ್ರಿಯಾಪದ ಕಟ್ಟುವುದನ್ನು ಕಲಿಸುವ ಕೆಲಸಕ್ಕೆ ಐದರಲ್ಲಿ ಐದು ಅಂಕ ಕೊಡಬಹುದು. ಪದಸಂಪತ್ತಿಗೆ ಎರಡು, ಓದು ಬರಹಕ್ಕೆ ಅಂಕವೇ ಇಲ್ಲ. ಪದಗಳ ಪಟ್ಟಿ, ಪ್ರವಾಸದ ಸಂಭಾಷಣೆ, ನಾಳೆಯೇ ಬಳಸುವ ಹತ್ತು ವಾಕ್ಯ ಬೇಕಾದವರಿಗೆ ಇದು ಹೇಳಿದ್ದಲ್ಲ. ಇಂಗ್ಲಿಷ್ ಕೇಳಿ ಅರ್ಥವಾಗದವರಿಗೆ ಬಾಗಿಲೇ ತೆರೆಯುವುದಿಲ್ಲ, ಅದೊಂದು ನಿಜವಾದ ಕೊರತೆ.

ಬಳಸುವ ಕ್ರಮ ಹೀಗಿರಲಿ: ದಿನಕ್ಕೆ ಎರಡೇ ಪಾಠ. ಆ ಲೆಕ್ಕದಲ್ಲಿ 55 ದಿನ ಆಗುತ್ತದೆ. ನಾಲ್ಕೈದು ಒಟ್ಟಿಗೆ ಕೇಳಿದರೆ ಕೊಂಡಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಮರುದಿನ ಹೊಸದಕ್ಕೆ ಹೋಗುವ ಮೊದಲು ಒಂದು ಧಾತು ತೆಗೆದುಕೊಂಡು, ಒಂದು ಬಾರಿಗೆ ಒಂದೆರಡೇ ಕೊಂಡಿ ಬದಲಿಸುತ್ತಾ ಹೇಳಿ: ನಿನಪಿಕ, ನಿಲಿಪಿಕ, ನಿಲಿಮ್‌ಪಿಕಿಯ, ಸಿಕುಮ್‌ಪಿಕಿಯ, ಹಕುನಿಪಿಕಿಯ. ಅಡುಗೆ ಮಾಡುತ್ತಿದ್ದೇನೆ, ಮಾಡಿದೆ, ಅವಳಿಗೆ ಮಾಡಿಕೊಟ್ಟೆ, ಅವಳಿಗೆ ಮಾಡಿಕೊಡಲಿಲ್ಲ, ಅವಳು ನನಗೆ ಮಾಡಿಕೊಡಲಿಲ್ಲ. ಬಾಯಿ ಎಲ್ಲಿ ತಡವರಿಸಿತೋ ಆ ಖಾನೆಯ ಪಾಠವನ್ನು ಅವತ್ತು ಇನ್ನೊಮ್ಮೆ ಕೇಳಿ. ಹೊಸ ಪಾಠ ನಾಳೆಗಿರಲಿ.